ನಾಲ್ಕು ಸೀಟು, ನಾನೂರು ಅಂಕ: ಐಪಿಎಲ್ ಭವಿಷ್ಯ ಬರೆಯುವವರಿಗೊಂದು ಕೈಪಿಡಿ

ಯುಗಾದಿ ಸಂಜೆ ದೇವಸ್ಥಾನದಲ್ಲಿ ಪಂಚಾಂಗ ಓದುತ್ತಾರೆ. ಈ ವರ್ಷ ಮಳೆ ಎಷ್ಟು ಕೊಳಗ, ಅದರಲ್ಲಿ ಸಮುದ್ರಕ್ಕೆಷ್ಟು, ಬೆಟ್ಟಕ್ಕೆಷ್ಟು, ನೆಲಕ್ಕೆಷ್ಟು, ಯಾವ ರಾಶಿಗೆ ಆಯವೆಷ್ಟು, ವ್ಯಯವೆಷ್ಟು. ಮಾರನೇ ದಿನ ಹೊಸತೊಡಕು. ಬೆಳಕು ಹರಿಯುವ ಮುಂಚೆ ಹೊಸಕೋಟೆಯ ಮಟನ್ ಅಂಗಡಿಗಳ ಮುಂದೆ ಸಾಲು ಬೆಳೆದಿರುತ್ತದೆ. ಭಾನುವಾರ ನಸುಕಿನ ನಾಲ್ಕಕ್ಕೇ ಬಿರಿಯಾನಿಗೆ ಕ್ಯೂ ನಿಲ್ಲುವ ಊರು ನಮ್ಮದು, ಸಾಲಿನಲ್ಲಿ ನಿಲ್ಲುವುದು ನಮಗೆ ಕಷ್ಟವಲ್ಲ. ಕಷ್ಟವೆಂದರೆ ಆ ಸಾಲಿನಲ್ಲಿ ನಡೆಯುವ ಎರಡನೇ ಪಂಚಾಂಗ ಶ್ರವಣವನ್ನು ಕೇಳಿಸಿಕೊಳ್ಳುವುದು. ಐಪಿಎಲ್ ಶುರುವಾಗುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ತಾನೆ.

"ಅಣ್ಣ, ಬರ್ಕೊಳಿ. ಈ ಸಲ ಮುಂಬೈ ಫೈನಲ್ ಪಕ್ಕಾ."

"ಚೆನ್ನೈ ಕಥೆ ಮುಗೀತು ಗುರು, ಬಿಟ್ಬಿಡು."

ಬರ್ಕೊಳಿ ಅನ್ನುವವರು ಬಹಳ, ಬರೆದುಕೊಂಡವರು ಯಾರೂ ಇಲ್ಲ. ಮೇ ತಿಂಗಳ ಕೊನೆಗೆ ಅದೇ ಸಾಲಿನಲ್ಲಿ ಅದೇ ಬಾಯಿ, "ನಾನು ಅವತ್ತೇ ಹೇಳಿದ್ನಲ್ಲ" ಅನ್ನುತ್ತದೆ. ಯಾವತ್ತು ಹೇಳಿದ್ದು, ಏನು ಹೇಳಿದ್ದು ಎಂಬುದಕ್ಕೆ ಲೆಕ್ಕವಿಲ್ಲ. ಈ ಕಾಟ ತಾಳಲಾರದೆ ನಾನೊಂದು ಚೀಟಿ ಪದ್ಧತಿ ಶುರುಮಾಡಿದೆ. ಸೀಸನ್ನಿನ ಮೊದಲ ಬಾಲ್ ಬೀಳುವ ಮುಂಚೆ ಭವಿಷ್ಯ ಹೇಳುವವರೆಲ್ಲ ಚೀಟಿಯಲ್ಲಿ ಬರೆದು, ಕೆಳಗೆ ತಾರೀಖು ಹಾಕಿ ಕೊಡಬೇಕು. ಚೀಟಿಗಳು ನಮ್ಮ ಮನೆಯ ಕ್ಯಾಲೆಂಡರ್ ಹಿಂದೆ ಸೇರುತ್ತವೆ. ಫೈನಲ್ ಮುಗಿದ ಮೇಲೆ ಬಿಚ್ಚಿ ಅಂಕ ಹಾಕುವುದು. ಹೇಗೆ ಬರೆಯಬೇಕು, ಬರೆಯುವ ಮುಂಚೆ ಏನು ನೋಡಬೇಕು, ಏನು ನೋಡಿ ಮೋಸ ಹೋಗಬಾರದು, ಇಷ್ಟು ಈ ಲೇಖನದ ವಿಷಯ.

ಕಳೆದ ವರ್ಷದ ಟೇಬಲ್ ಎಂಬ ಮಾಯೆ

ಹತ್ತರಲ್ಲಿ ಒಂಬತ್ತು ಜನ ಮಾಡುವ ಕೆಲಸ ಒಂದೇ. ಕಳೆದ ಸಲ ಮೇಲಿದ್ದ ತಂಡಗಳನ್ನು ಈ ಸಲವೂ ಮೇಲೆ ಬರೆಯುತ್ತಾರೆ, ಕೆಳಗಿದ್ದವನ್ನು ಕೆಳಗೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಹತ್ತು ತಂಡಗಳಾದ 2022ರಿಂದ ಲೆಕ್ಕ ಹಾಕಿ ನೋಡೋಣ.

2022ರಲ್ಲಿ ಪ್ಲೇಆಫ್ ಸೇರಿದ್ದು ಗುಜರಾತ್, ರಾಜಸ್ಥಾನ, ಲಖನೌ, ಆರ್‌ಸಿಬಿ. ಈ ನಾಲ್ವರಲ್ಲಿ 2023ಕ್ಕೂ ಉಳಿದದ್ದು ಗುಜರಾತ್ ಮತ್ತು ಲಖನೌ. ಹೊಸದಾಗಿ ಬಂದವರು ಚೆನ್ನೈ ಮತ್ತು ಮುಂಬೈ. ಆ ಎರಡೂ 2022ರಲ್ಲಿ ಎಲ್ಲಿದ್ದವು? ಒಂಬತ್ತು ಮತ್ತು ಹತ್ತನೇ ಸ್ಥಾನದಲ್ಲಿ. ಒಂಬತ್ತನೆಯ ಚೆನ್ನೈ 2023ರಲ್ಲಿ ಕಪ್ಪೇ ಗೆದ್ದಿತು. 2023ರ ನಾಲ್ವರಲ್ಲಿ 2024ಕ್ಕೆ ಎಷ್ಟು ಉಳಿದವು? ಒಂದೂ ಇಲ್ಲ. ಕೋಲ್ಕತ್ತ, ಹೈದರಾಬಾದ್, ರಾಜಸ್ಥಾನ, ಆರ್‌ಸಿಬಿ, ನಾಲ್ಕೂ ಹೊಸಬರು. ಹೈದರಾಬಾದ್ ಹಿಂದಿನ ವರ್ಷ ಕಟ್ಟಕಡೆಯಲ್ಲಿತ್ತು. 2024ರಿಂದ 2025ಕ್ಕೆ ಉಳಿದದ್ದು ಆರ್‌ಸಿಬಿ ಒಂದೇ. ಉಳಿದ ಮೂರು ಸೀಟು ಹಿಡಿದವರು ಪಂಜಾಬ್, ಗುಜರಾತ್, ಮುಂಬೈ. 2024ರ ಟೇಬಲ್ ತೆಗೆದು ನೋಡಿ: ಎಂಟನೆಯದು ಗುಜರಾತ್, ಒಂಬತ್ತನೆಯದು ಪಂಜಾಬ್, ಹತ್ತನೆಯದು ಮುಂಬೈ. ತಳದ ಮೂರೂ ಮೇಲಕ್ಕೆ ಬಂದವು!

ಅಂದರೆ ಹಿಂದಿನ ವರ್ಷದ ಟೇಬಲನ್ನೇ ನಕಲು ಮಾಡಿದವನಿಗೆ ಈ ಮೂರು ವರ್ಷಗಳಲ್ಲಿ ಹನ್ನೆರಡಕ್ಕೆ ಮೂರು ಸರಿ. ಜಾತ್ರೆಯಲ್ಲಿ ಗಿಳಿಶಾಸ್ತ್ರದವನನ್ನು ಕೂರಿಸಿ, ಹತ್ತು ತಂಡಗಳ ಹೆಸರಿನ ಕಾರ್ಡು ಹರಡಿ, ಗಿಳಿಯಿಂದ ನಾಲ್ಕು ಎತ್ತಿಸಿದರೆ ಸರಾಸರಿ 1.6 ಸರಿಯಾಗುತ್ತದೆ. ಮೂರು ವರ್ಷಕ್ಕೆ 4.8. ಗಿಳಿಯೇ ಮೇಲು ಅಂದ ಹಾಗಾಯಿತು. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ನಾಲ್ಕರಲ್ಲಿ ಎರಡು ಹೆಸರು ಸರಿ ಹೇಳಿದೆ ಎಂದು ಯಾರಾದರೂ ಎದೆ ತಟ್ಟಿಕೊಂಡರೆ, ಗಿಳಿಗೂ ಅದು ಆಗಾಗ ಆಗುತ್ತದೆ ಎಂದು ನೆನಪಿಸಿ.

ನಾನು ಹೇಳುತ್ತಿರುವುದು ಟೇಬಲನ್ನು ತಲೆಕೆಳಗು ಮಾಡಿ ಬರೆಯಿರಿ ಎಂದಲ್ಲ. ಮೂರು ವರ್ಷ ಅದಕ್ಕೆ ಸಾಲದು, ಅದರಲ್ಲೂ 2025ಕ್ಕೆ ಮುಂಚೆ ದೊಡ್ಡ ಹರಾಜು ನಡೆದು ತಂಡಗಳೇ ಬದಲಾಗಿದ್ದವು. ಆದರೆ ಮೇಲಿನವನಿಗೂ ಕೆಳಗಿನವನಿಗೂ ನಡುವೆ ನಾವು ಕಾಣುವಷ್ಟು ಅಂತರವಿಲ್ಲ ಎಂಬುದಂತೂ ಖರೆ.

ಹದಿನಾಲ್ಕು ಸಲ ನಾಣ್ಯ

ಯಾಕೆ ಹೀಗೆ? ನಮ್ಮಕ್ಕನ ಮಗ ಹತ್ತನೇ ಕ್ಲಾಸು, ಇದೇ ಪ್ರಶ್ನೆ ಕೇಳಿದ. ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಕೈಗೆ ಐದು ರೂಪಾಯಿ ನಾಣ್ಯ ಕೊಟ್ಟೆ. ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ಹದಿನಾಲ್ಕು ಸಲ ಚಿಮ್ಮು, ಸಿಂಹ ಬಿದ್ದರೆ ಗೆಲುವು, ಇಲ್ಲದಿದ್ದರೆ ಸೋಲು, ಹೀಗೆ ಹತ್ತು ತಂಡಕ್ಕೂ ಮಾಡು ಅಂದೆ. ಎರಡು ಸಲ ನಾಣ್ಯ ಬೆಂಚಿನ ಸಂದಿಗೆ ಬಿತ್ತು, ಒಂದು ಸಲ ಬೋಂಡಾ ತಟ್ಟೆಗೆ. ಕೊನೆಗೆ ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಬರೆದ ಲೆಕ್ಕ ನೋಡಿದರೆ ಒಂದು 'ತಂಡ' 10 ಗೆದ್ದು ಮೇಲಿತ್ತು, ಇನ್ನೊಂದು 4 ಗೆದ್ದು ತಳದಲ್ಲಿತ್ತು. ಹುಡುಗ ಪ್ಯಾಕನ್ನೇ ನೋಡುತ್ತ, "ಮಾಮ, ಎರಡೂ ಒಂದೇ ಕಾಯಿನ್ ಅಲ್ವಾ?" ಅಂದ.

ಅದೇ ವಿಷಯ. ಪ್ರತಿ ಪಂದ್ಯದಲ್ಲೂ ಗೆಲ್ಲುವ ಅವಕಾಶ ಸರಿಯಾಗಿ ಅರ್ಧವಿರುವ ತಂಡವೂ 14ರಲ್ಲಿ 9 ಅಥವಾ ಹೆಚ್ಚು ಗೆಲ್ಲುವ ಸಂಭವ ಸುಮಾರು ಶೇ 21. ಅಂಥದೇ ತಂಡ 4 ಅಥವಾ ಅದಕ್ಕೂ ಕಡಿಮೆ ಗೆದ್ದು ಮಾನ ಕಳೆದುಕೊಳ್ಳುವ ಸಂಭವ ಶೇ 9. ಒಂಬತ್ತು ಗೆದ್ದರೆ 18 ಅಂಕ, ಪ್ಲೇಆಫ್ ಗಟ್ಟಿ. ನಾಲ್ಕು ಗೆದ್ದರೆ ಕೋಚ್ ಮನೆಗೆ. ನಡುವೆ ಇರುವುದು ಬಹುಪಾಲು ಅದೃಷ್ಟ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದು ತಂಡ ಒಂದು ಸೀಸನ್ನಿಗೆ 162 ಪಂದ್ಯ ಆಡುತ್ತದೆ. ಅಷ್ಟು ಆಡಿದರೆ ಅದೃಷ್ಟ ಒಂದಷ್ಟು ಸವೆದು ಹೋಗುತ್ತದೆ. ಅದಕ್ಕೇ ಸೀಸನ್‌ಗೆ ಮುಂಚಿನ ಭವಿಷ್ಯ ಅಲ್ಲಿ ಒಂದು ಉದ್ಯೋಗವೇ ಆಗಿದೆ. ಆಟಗಾರರ ಹಿಂದಿನ ವರ್ಷಗಳ ಲೆಕ್ಕ ಹಾಕಿ ಪ್ರತಿ ತಂಡ ಎಷ್ಟು ಗೆಲ್ಲುತ್ತದೆಂದು ಹೇಳುವ 'ಪಿಕೋಟಾ' ಎಂಬ ಪದ್ಧತಿಗೆ ದೊಡ್ಡ ಹೆಸರು. ಅಂಥ ಪಿಕೋಟಾ 2015ರಲ್ಲಿ ಕನ್ಸಾಸ್ ಸಿಟಿ ರಾಯಲ್ಸ್ 72 ಗೆಲ್ಲುತ್ತದೆ ಎಂದಿತು. ರಾಯಲ್ಸ್ 95 ಗೆದ್ದು, ಆಮೇಲೆ ವರ್ಲ್ಡ್ ಸೀರೀಸನ್ನೂ ಗೆದ್ದಿತು. 162 ಪಂದ್ಯ ಇಟ್ಟುಕೊಂಡು ಲೆಕ್ಕ ಹಾಕುವವರ ಗತಿಯೇ ಹೀಗೆ, 14 ಪಂದ್ಯದ ನಾವು "ಪಕ್ಕಾ" ಅನ್ನುವುದು ಹೇಗೆ?

ನಮ್ಮದೇ ಮಹಾರಾಜ ಟ್ರೋಫಿ ಇನ್ನೂ ಚಿಕ್ಕದು, ಆರು ತಂಡ. 2022ರಲ್ಲಿ ಗುಲ್ಬರ್ಗ, 2023ರಲ್ಲಿ ಹುಬ್ಬಳ್ಳಿ, 2024ರಲ್ಲಿ ಮೈಸೂರು, 2025ರಲ್ಲಿ ಮಂಗಳೂರು. ನಾಲ್ಕು ವರ್ಷ, ನಾಲ್ಕು ಊರು. ಅಲ್ಲಿ ಭವಿಷ್ಯ ಹೇಳಲು ಹೋಗಬೇಡಿ, ಆಟ ನೋಡಿ.

ಆಯ-ವ್ಯಯ ನೋಡಿ

ಹಾಗಾದರೆ ಹಳೇ ವರ್ಷದಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಆದರೆ ಗೆಲುವು-ಸೋಲಿನ ಅಂಕಣಕ್ಕಿಂತ ಅದರ ಪಕ್ಕದ ಅಂಕಣ ಹೆಚ್ಚು ಹೇಳುತ್ತದೆ. ಪಂಚಾಂಗದ ಮಾತಿನಲ್ಲಿ ಹೇಳುವುದಾದರೆ ಆಯ-ವ್ಯಯ. ಎಷ್ಟು ರನ್ ಗಳಿಸಿದರು, ಎಷ್ಟು ರನ್ ಬಿಟ್ಟುಕೊಟ್ಟರು. ಬೇಸ್‌ಬಾಲ್‌ನಲ್ಲಿ ಬಿಲ್ ಜೇಮ್ಸ್ ಎಂಬಾತ ಇದನ್ನು ಒಂದು ಸೂತ್ರವಾಗಿ ಕಟ್ಟಿದ: ತಂಡವೊಂದು ಎಷ್ಟು ಗೆಲ್ಲಬೇಕಿತ್ತು ಎಂಬುದನ್ನು ಅದು ಗಳಿಸಿದ ಮತ್ತು ಕೊಟ್ಟ ಓಟಗಳೇ ಹೇಳುತ್ತವೆ, ಅದಕ್ಕಿಂತ ಬಹಳ ಹೆಚ್ಚು ಗೆದ್ದಿದ್ದರೆ ಅದೃಷ್ಟ, ಕಡಿಮೆಯಾಗಿದ್ದರೆ ದುರದೃಷ್ಟ, ಎರಡೂ ಮುಂದಿನ ವರ್ಷಕ್ಕೆ ಜೊತೆಗೆ ಬರುವುದಿಲ್ಲ. ನಮಗೆ ಆ ಸೂತ್ರ ಬೇಡ, ನೆಟ್ ರನ್ ರೇಟ್ ಇದೆ. 2025ರಲ್ಲಿ ಮುಂಬೈ ನಾಲ್ಕನೆಯದು, 16 ಅಂಕ. ಆದರೆ ನೆಟ್ ರನ್ ರೇಟ್ ನೋಡಿದರೆ ಹತ್ತರಲ್ಲಿ ಅದೇ ಮೊದಲು, +1.142. ಗೆದ್ದಾಗ ಭಾರಿ ಅಂತರದಲ್ಲಿ ಗೆದ್ದಿತ್ತು ಎಂದರ್ಥ. ಅಂಥ ತಂಡವನ್ನು "ನಾಲ್ಕನೆಯದು" ಎಂದು ತಳ್ಳಿಹಾಕಬಾರದು.

ಇದರ ಜೊತೆ ಕೂದಲೆಳೆಯ ಪಂದ್ಯಗಳನ್ನೂ ಎಣಿಸಿ. ಅದೇ ವರ್ಷ ರಾಜಸ್ಥಾನ 14ರಲ್ಲಿ 4 ಗೆದ್ದು ಒಂಬತ್ತನೆಯದಾಯಿತು. ಸೋಲುಗಳನ್ನು ಒಂದೊಂದಾಗಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಡೆಲ್ಲಿ ಮೇಲೆ ಸೂಪರ್ ಓವರ್‌ನಲ್ಲಿ ಸೋಲು, ಲಖನೌ ಮೇಲೆ 2 ರನ್ನಿಂದ, ಕೋಲ್ಕತ್ತ ಮೇಲೆ 1 ರನ್ನಿಂದ. ಈ ಮೂರು ಆ ಕಡೆ ವಾಲಿದ್ದರೆ ಏಳು ಗೆಲುವು. ಒಂದು ರನ್ನಿಂದ ಸೋಲುವುದು ಯಾವ ತಂಡಕ್ಕೂ ಹುಟ್ಟುಗುಣವಲ್ಲ. ಚೆನ್ನೈಯದೂ ನಾಲ್ಕೇ ಗೆಲುವು, ಹತ್ತನೇ ಸ್ಥಾನ. ತಳದ ಈ ಎರಡೂ ತಂಡಗಳು 2025ರ ನವೆಂಬರ್‌ನಲ್ಲಿ ಒಂದಕ್ಕೊಂದು ಆಟಗಾರರನ್ನು ಅದಲು ಬದಲು ಮಾಡಿಕೊಂಡವು. ಸಂಜು ಸ್ಯಾಮ್ಸನ್ ಚೆನ್ನೈಗೆ, ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ. ಇಬ್ಬರಲ್ಲಿ ಒಬ್ಬರಿಗಾದರೂ ನನ್ನ ಚೀಟಿಯಲ್ಲಿ ಒಳ್ಳೆಯ ಅಂಕ ಇದ್ದೇ ಇರುತ್ತದೆ.

ಹರಾಜಿನ ಕೋಟಿಗಳು

ಸಂತೆಯಲ್ಲಿ ಹಸು ಕೊಳ್ಳುವವನು ಬೆಲೆ ಕೇಳಿ ಹಾಲು ಅಳೆಯುವುದಿಲ್ಲ. ಹರಾಜಿನ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತೇವೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ರಿಷಭ್ ಪಂತ್ 27 ಕೋಟಿಗೆ ಲಖನೌ ಪಾಲಾದರು, ಐಪಿಎಲ್ ಚರಿತ್ರೆಯಲ್ಲೇ ದೊಡ್ಡ ಮೊತ್ತ. ಆ ಸೀಸನ್ನಿನಲ್ಲಿ ಅವರ ಒಟ್ಟು ರನ್ 269, ಅದರಲ್ಲಿ 118 ಕೊನೆಯ ಒಂದೇ ಪಂದ್ಯದಲ್ಲಿ. ತಂಡ ಏಳನೆಯದು. ವೆಂಕಟೇಶ್ ಅಯ್ಯರ್‌ಗೆ ಕೋಲ್ಕತ್ತ ಕೊಟ್ಟದ್ದು 23.75 ಕೋಟಿ, ಅವರು ಗಳಿಸಿದ್ದು 142 ರನ್, ತಂಡ ಎಂಟನೆಯದು. ಒಂದೇ ವರ್ಷದ ಮೇಲೆ ಅದೇ ಅಯ್ಯರ್‌ರನ್ನು ಆರ್‌ಸಿಬಿ 7 ಕೋಟಿಗೆ ಕೊಂಡಿತು. ಆಟಗಾರ ಅವನೇ, ಬದಲಾದದ್ದು ಸಂತೆ.

ಜೆಡ್ಡಾ ಹರಾಜು ಮುಗಿದ ದಿನ ನಮ್ಮೂರಲ್ಲಿ ಆರ್‌ಸಿಬಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ನಮ್ಮ ಹುಡುಗ ಕೆ.ಎಲ್. ರಾಹುಲ್‌ರನ್ನು ಬಿಟ್ಟುಕೊಟ್ಟರು, 14 ಕೋಟಿಗೆ ಡೆಲ್ಲಿ ಎತ್ತಿಕೊಂಡು ಹೋಯಿತು. ಏಪ್ರಿಲ್ 10ರಂದು ರಾಹುಲ್ ಚಿನ್ನಸ್ವಾಮಿಗೇ ಬಂದು ಔಟಾಗದೆ 93 ಹೊಡೆದು, 'ಕಾಂತಾರ'ದ ಶೈಲಿಯಲ್ಲಿ ಬ್ಯಾಟಿನಿಂದ ನೆಲಕ್ಕೆ ವೃತ್ತ ಗೀಚಿ ಕುಟ್ಟಿದಾಗ ಆರ್‌ಸಿಬಿ ಅಂಗಿ ತೊಟ್ಟವರೂ ಒಳಗೊಳಗೇ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಆ ಹರಾಜಿನಲ್ಲಿ ಆರ್‌ಸಿಬಿ ಸದ್ದಿಲ್ಲದೆ ಕೊಂಡದ್ದು ಯಾರನ್ನು? ಜೋಶ್ ಹೇಜಲ್‌ವುಡ್ 12.5 ಕೋಟಿ, ಭುವನೇಶ್ವರ್ ಕುಮಾರ್ 10.75, ಕೃಣಾಲ್ ಪಾಂಡ್ಯ 5.75. ಹೇಜಲ್‌ವುಡ್ 12 ಪಂದ್ಯಗಳಲ್ಲಿ 22 ವಿಕೆಟ್ ತೆಗೆದರು. ಜೂನ್ 3ರ ಫೈನಲ್‌ನಲ್ಲಿ ಕೃಣಾಲ್ ನಾಲ್ಕು ಓವರಿಗೆ 17 ರನ್ ಕೊಟ್ಟು 2 ವಿಕೆಟ್ ಕಿತ್ತರು. ಆರ್‌ಸಿಬಿ 190, ಪಂಜಾಬ್ 184, ಅಂತರ ಆರೇ ರನ್. 2009ರ ಫೈನಲ್‌ನಲ್ಲಿ ಇದೇ ಆರು ರನ್ನಿಂದ ಸೋತಿದ್ದೆವು ಎಂಬುದನ್ನು ಹಳಬರು ಮರೆತಿರಲಿಕ್ಕಿಲ್ಲ.

ಆದ್ದರಿಂದ ತಂಡದ ಪಟ್ಟಿ ಸಿಕ್ಕಾಗ ಬೆಲೆಯ ಕಾಲಂ ಮುಚ್ಚಿಡಿ. ನಾನು ಮೊದಲು ನೋಡುವುದು ಕೊನೆಯ ನಾಲ್ಕು ಓವರ್ ಹಾಕುವವರು ಯಾರು ಎಂದು. ಅಂಥ ಇಬ್ಬರು ಇದ್ದಾರೋ, ಒಬ್ಬ ಗಾಯಗೊಂಡರೆ ಇನ್ನೊಬ್ಬನಿದ್ದಾನೋ? ಆಮೇಲೆ ವಿದೇಶಿ ಆಟಗಾರರು. ಆಡುವ ಹನ್ನೊಂದರಲ್ಲಿ ನಾಲ್ವರಿಗಷ್ಟೇ ಜಾಗ, ಅವರೂ ಕೊನೆಯವರೆಗೆ ಇರುತ್ತಾರೋ ನೋಡಬೇಕು. 2025ರಲ್ಲಿ ಗುಜರಾತ್‌ನ ಜೋಸ್ ಬಟ್ಲರ್ ಪ್ಲೇಆಫ್ ಹೊತ್ತಿಗೆ ಇಂಗ್ಲೆಂಡ್ ತಂಡ ಸೇರಲು ಹೊರಟರು. ಸಾಯಿ ಸುದರ್ಶನ್ 759 ರನ್ನಿನ ಆರೆಂಜ್ ಕ್ಯಾಪ್, ನಮ್ಮ ಪ್ರಸಿದ್ಧ್ ಕೃಷ್ಣ 25 ವಿಕೆಟ್ಟಿನ ಪರ್ಪಲ್ ಕ್ಯಾಪ್, ಎರಡೂ ಆ ತಂಡದಲ್ಲೇ ಇದ್ದರೂ ಎಲಿಮಿನೇಟರ್‌ನಲ್ಲಿ ಮುಂಬೈಗೆ ಸೋತಿತು. ಮೇ-ಜೂನ್‌ನ ಅಂತರರಾಷ್ಟ್ರೀಯ ವೇಳಾಪಟ್ಟಿ ನೋಡದೆ ಚೀಟಿ ಬರೆಯಬೇಡಿ.

ತವರಿನ ಮೈದಾನಕ್ಕೆ ಹೆಚ್ಚು ಅಂಕ ಕೊಡಬೇಡಿ. ಹೊಸಕೋಟೆಯಿಂದ ಟೌನ್‌ಹಾಲ್ ಕಡೆಯ ಬಸ್ಸು ಹತ್ತಿದರೆ ಎರಡು ತಾಸಿನೊಳಗೆ ಚಿನ್ನಸ್ವಾಮಿ ಮುಟ್ಟುವ ನಮಗೆ ಇದು ಕಹಿ. ಆದರೆ ಚಿಕ್ಕ ಬೌಂಡರಿ ಇಬ್ಬರಿಗೂ ಚಿಕ್ಕದೇ. 2024ರ ಏಪ್ರಿಲ್ 15ರಂದು ಹೈದರಾಬಾದ್ ಅಲ್ಲಿ 287 ಹೊಡೆದದ್ದು ನಮ್ಮ ಎದುರೇ. 2025ರಲ್ಲಿ ಆರ್‌ಸಿಬಿ ಚಿನ್ನಸ್ವಾಮಿಯ ಮೊದಲ ಮೂರು ಪಂದ್ಯ ಸೋತು, ಹೊರಗಿನ ಏಳಕ್ಕೆ ಏಳೂ ಗೆದ್ದಿತು. ಲೀಗ್ ಹಂತದಲ್ಲಿ ಹಾಗೆ ಮಾಡಿದ ಮೊದಲ ತಂಡ ಅದು. ಜೂನ್ 4ರ ಸಂಜೆ ಆ ಮೈದಾನದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಆಮೇಲೆ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್ಪಿನ ಪಂದ್ಯಗಳೂ ಬೆಂಗಳೂರಿನಿಂದ ಹೊರಹೋದವು. ಆ ವಾರ ನಮ್ಮ ಚೀಟಿಗಳನ್ನು ಯಾರೂ ಬಿಚ್ಚಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಲೆಕ್ಕ ಹಾಕಿದ್ದು.

ಕಪ್ಪಿಗೆ ಎರಡು ಮೆಟ್ಟಿಲು

"ಕಪ್ ಯಾರ್ದು?" ಎಂದು ನೇರ ಕೇಳಿದರೆ ಉತ್ತರ ಕೊಡಬೇಡಿ. ಮೊದಲು ಮೇಲಿನ ಎರಡು ಸ್ಥಾನ ಯಾರದು ಎಂದು ಯೋಚಿಸಿ. ಈಗಿನ ಪ್ಲೇಆಫ್ ಪದ್ಧತಿ ಬಂದದ್ದು 2011ರಲ್ಲಿ. ಅಲ್ಲಿಂದ 2025ರವರೆಗೆ 15 ಸೀಸನ್. ಲೀಗ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ತಂಡ ಕಪ್ ಗೆದ್ದದ್ದು 9 ಸಲ, ಮೊದಲ ಸ್ಥಾನದ್ದು 5 ಸಲ, ಮೂರನೆಯದು ಒಂದೇ ಸಲ. ಆ ಒಂದು ಸಲ 2016ರ ಹೈದರಾಬಾದ್, ಫೈನಲ್‌ನಲ್ಲಿ ಸೋತವರು ಯಾರೆಂದು ಬೇರೆ ಹೇಳಬೇಕೆ? ಎಂಟು ರನ್ನಿಂದ. ನಾಲ್ಕನೆಯವರು ಈ ಅವಧಿಯಲ್ಲಿ ಗೆದ್ದೇ ಇಲ್ಲ.

ಇದು ಪವಾಡವಲ್ಲ. ಮೇಲಿನ ಇಬ್ಬರಿಗೆ ಒಂದು ಸೋಲು ಮಾಫಿ, ಕೆಳಗಿನ ಇಬ್ಬರು ಸತತ ಮೂರು ಗೆಲ್ಲಬೇಕು. ಪ್ರತಿ ಪಂದ್ಯವೂ ಸಮಬಲ ಎಂದಿಟ್ಟುಕೊಂಡರೂ ಮೇಲಿನವರಿಗೆ ತಲಾ ಶೇ 37.5, ಕೆಳಗಿನವರಿಗೆ ತಲಾ 12.5 ಬರುತ್ತದೆ. ಹಾಗಾಗಿ ಕಪ್ಪಿನ ಚೀಟಿಯಲ್ಲಿ ಯಾವ ತಂಡಕ್ಕೂ 25ರ ಮೇಲೆ ಬರೆಯುವ ಧೈರ್ಯ ನನಗಿಲ್ಲ.

ಆರ್‌ಸಿಬಿಯವರ ಚೀಟಿ ಹೇಗಿರುತ್ತದೆಂದು ನಿಮಗೆ ಗೊತ್ತು. 'ಈ ಸಲ ಕಪ್ ನಮ್ದೇ', ಅಷ್ಟೇ. 2008ರಿಂದ 2025ರವರೆಗೆ 18 ಸಲ ಹೇಳಿದ್ದರೆ ಸರಿಯಾದದ್ದು ಒಂದು ಸಲ. ಹದಿನೆಂಟಕ್ಕೆ ಒಂದು ಎಂದರೆ ಶೇ 6ಕ್ಕೂ ಕಡಿಮೆ, ಹತ್ತು ತಂಡಗಳಿಗೆ ಸಮವಾಗಿ ಹಂಚಿದರೂ 10 ಬರಬೇಕಿತ್ತು. ಇದೇ ಜನ "ಈ ಸಲ ಪ್ಲೇಆಫ್ ನಮ್ದೇ" ಎಂದಿದ್ದರೆ 18ರಲ್ಲಿ 10 ಸಲ ಗೆಲ್ಲುತ್ತಿದ್ದರು, ಮೊದಲ ವರ್ಷಗಳ ಸೆಮಿಫೈನಲ್ ಸೇರಿಸಿ. ಆದರೆ ಹಾಗೆ ಕೂಗುತ್ತ ಎಂ.ಜಿ. ರಸ್ತೆಯಲ್ಲಿ ಹೋಗಲಾಗುವುದಿಲ್ಲ, ಅದೂ ನಿಜ.

ಚೀಟಿ ಬರೆಯುವ ಕ್ರಮ

ಈಗ ಕೆಲಸದ ಮಾತು. ಹಾಳೆಯ ಎಡಕ್ಕೆ ಹತ್ತು ತಂಡಗಳ ಹೆಸರು. ಪ್ರತಿಯೊಂದರ ಎದುರು, ಅದು ಪ್ಲೇಆಫ್ ಸೇರುವ ಸಂಭವ ನೂರಕ್ಕೆ ಎಷ್ಟು ಎಂದು ಬರೆಯಿರಿ. 'ಪಕ್ಕಾ', 'ಡೌಟು' ಇವೆಲ್ಲ ಬೇಡ, ಅಂಕಿಯೇ ಬೇಕು. ಸೀಟು ನಾಲ್ಕು, ಆದ್ದರಿಂದ ಹತ್ತೂ ಅಂಕಿ ಕೂಡಿದರೆ 400 ಬರಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮೊದಲ ಸಲ ಬರೆದವರೆಲ್ಲ ಇಲ್ಲೇ ಮುಗ್ಗರಿಸುತ್ತಾರೆ. ಎಲ್ಲರಿಗೂ ಧಾರಾಳವಾಗಿ ಅರವತ್ತು, ಎಪ್ಪತ್ತು ಬರೆದು ಕೂಡಿದರೆ 520. ಮದುವೆ ಊಟಕ್ಕೆ ಎಲೆ ಹಾಕಿದ ಮೇಲೆ ಜನ ಜಾಸ್ತಿ ಅಂದ ಹಾಗೆ. ಆಗ ಯಾರದೋ ಎಲೆ ಎತ್ತಬೇಕು, ಯಾರದು ಎಂದು ಯೋಚಿಸುವಾಗಲೇ ನಿಜವಾದ ಭವಿಷ್ಯ ಶುರುವಾಗುವುದು.

ಅಂಕ ಹಾಕುವ ವಿಧಾನ ಹವಾಮಾನದವರದು. ಗ್ಲೆನ್ ಬ್ರಯರ್ ಎಂಬ ಅಮೆರಿಕದ ಹವಾಮಾನ ತಜ್ಞ 1950ರಲ್ಲಿ, ಮಳೆ ಮುನ್ಸೂಚನೆ ಎಷ್ಟು ಸರಿಯಿದೆ ಎಂದು ಅಳೆಯಲು ಇದನ್ನು ಕೊಟ್ಟ. ತಂಡಕ್ಕೆ ನೀವು 70 ಬರೆದಿದ್ದೀರಿ, ಅದು ಪ್ಲೇಆಫ್ ಸೇರಿತು. ನೂರಕ್ಕೆ 30 ತಪ್ಪಿದಿರಿ, ಅಂದರೆ 0.3. ಅದನ್ನು ಅದರಿಂದಲೇ ಗುಣಿಸಿ, 0.09. ಸೇರಲಿಲ್ಲವೆಂದರೆ 0.7ರಿಂದ 0.7, ಆಗ 0.49 ದಂಡ. ಹತ್ತೂ ತಂಡದ ದಂಡ ಕೂಡಿ ಹತ್ತರಿಂದ ಭಾಗಿಸಿ. ಕಡಿಮೆ ಬಂದವನು ಗೆದ್ದ. ತಪ್ಪನ್ನು ತಪ್ಪಿನಿಂದಲೇ ಗುಣಿಸುವುದರಿಂದ ಜಂಬದ ತಪ್ಪಿಗೆ ದಂಡ ಜೋರು. ನಾಲ್ಕು ತಂಡಕ್ಕೆ ನೂರು, ಉಳಿದವಕ್ಕೆ ಸೊನ್ನೆ ಬರೆದವನ ಎರಡು ಹೆಸರು ತಪ್ಪಿದರೆ ಅವನ ಅಂಕ 0.40.

2025ಕ್ಕೆ ನಾನು ಬರೆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಚೆನ್ನೈ 60, ಕೋಲ್ಕತ್ತ 60, ಹೈದರಾಬಾದ್ 55, ಮುಂಬೈ 55, ಆರ್‌ಸಿಬಿ 45, ಗುಜರಾತ್ 35, ಡೆಲ್ಲಿ 30, ರಾಜಸ್ಥಾನ 25, ಲಖನೌ 20, ಪಂಜಾಬ್ 15. ಕೂಡಿದರೆ ಸರಿಯಾಗಿ 400, ಅದೊಂದೇ ಸರಿಯಾದದ್ದು. ಟೇಬಲ್ಲಿನ ತಲೆಯ ಮೇಲೆ ಹೋಗಿ ಕೂತ ಪಂಜಾಬಿಗೆ ನಾನು ಕೊಟ್ಟದ್ದು ಹದಿನೈದು! ನನ್ನ ಅಂಕ 0.29.

ಅಮ್ಮನಿಗೆ ಕ್ರಿಕೆಟ್ ತಿಳಿಯದು. ಚೀಟಿ ಕೊಟ್ಟಾಗ, "ನಾಲ್ಕು ಜನ ಬರ್ತಾರೆ, ಹತ್ತು ಜನ ಅವ್ರೆ. ಎಲ್ರಿಗೂ ಸಮ ಹಾಕಪ್ಪ" ಅಂದಿದ್ದರು. ಎಲ್ಲರಿಗೂ 40. ಅಮ್ಮನ ಅಂಕ 0.24. ಯಾವ ವರ್ಷ ಯಾರೇ ಬರಲಿ, ಸಮ ಹಂಚಿದವರಿಗೆ 0.24 ಬಂದೇ ಬರುತ್ತದೆ. ಇದು ನಮ್ಮ ಅಳತೆಗೋಲು. ಇದಕ್ಕಿಂತ ಕಡಿಮೆ ತಂದವನಿಗೆ ಮಾತ್ರ ಕ್ರಿಕೆಟ್ ತಿಳಿದಿದೆ ಎಂದು ಒಪ್ಪಿಕೊಳ್ಳುವುದು. ಟಿ.ವಿ.ಯಲ್ಲಿ ಕೂತು ನಾಲ್ಕು ಹೆಸರು ಹೇಳುವ ಮಾಜಿ ಆಟಗಾರರ ಭವಿಷ್ಯವನ್ನೂ ಬರೆದಿಟ್ಟುಕೊಂಡು ಇದೇ ಲೆಕ್ಕದಲ್ಲಿ ಅಳೆದು ನೋಡಿ, ಒಳ್ಳೆಯ ಮನರಂಜನೆ.

ಒಮ್ಮೆ ಬರೆದ ಚೀಟಿ ತಿದ್ದುವಂತಿಲ್ಲ. ಸೀಸನ್ ನಡುವೆ ಮನಸ್ಸು ಬದಲಾದರೆ ಪಕ್ಕದಲ್ಲಿ ಇನ್ನೊಂದು ಕಾಲಂ, ಇನ್ನೊಂದು ತಾರೀಖು. 2024ರಲ್ಲಿ ಎಂಟು ಪಂದ್ಯಕ್ಕೆ ಏಳು ಸೋತ ಆರ್‌ಸಿಬಿಗೆ ಎಲ್ಲರೂ ಎಳ್ಳುನೀರು ಬಿಟ್ಟಿದ್ದರು. ಆಮೇಲೆ ಸತತ ಆರು ಗೆದ್ದಿತು. ಮೇ 18ರಂದು ಚೆನ್ನೈಯನ್ನು ಕನಿಷ್ಠ 18 ರನ್ನಿಂದ ಸೋಲಿಸಬೇಕಿತ್ತು, 27ರಿಂದ ಸೋಲಿಸಿ 14 ಅಂಕದಲ್ಲೇ ಒಳಗೆ ಬಂತು. 2025ರ ಮುಂಬೈ ಐದರಲ್ಲಿ ನಾಲ್ಕು ಸೋತು, ಆಮೇಲೆ ಸತತ ಆರು ಗೆದ್ದಿತು. ಎರಡನೇ ಕಾಲಂನಲ್ಲೂ 5ರ ಕೆಳಗೆ ಬರೆಯಲು ಆತುರ ಬೇಡ.

ದುಡ್ಡಿನ ಮಾತು

ಚೀಟಿಯ ಮೇಲೆ ದುಡ್ಡು ಕಟ್ಟುವುದು ನಮ್ಮಲ್ಲಿಲ್ಲ. ಯುಗಾದಿಗೆ ಇಸ್ಪೀಟು ಆಡುವ ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಬೆಟ್ಟಿಂಗ್ ಅಪರಾಧ ಎಂಬುದು ಹಳೆಯ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್ 11 ಹೆಸರು ಅಳಿಸಿಹೋದದ್ದು ಆಗಲೇ. ಕರ್ನಾಟಕ ಪ್ರೀಮಿಯರ್ ಲೀಗ್‌ಗೆ 2019ರಲ್ಲಿ ಫಿಕ್ಸಿಂಗ್ ಕೇಸು ಸುತ್ತಿಕೊಂಡ ಮೇಲೆ ಅದು ಮತ್ತೆ ಏಳಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಎಚ್ಚರಿಸಬೇಕಾದದ್ದು ಮೊಬೈಲಿಗೆ ಬರುವ 'ನೂರಕ್ಕೆ ನೂರು ಟಿಪ್ಸ್' ಬಗ್ಗೆ. ಇದರ ಒಳಮರ್ಮ ಸರಳ. 3,200 ನಂಬರು ಕೂಡಿಹಾಕುತ್ತಾರೆ. 1,600 ಜನಕ್ಕೆ 'ಇವತ್ತು ಚೆನ್ನೈ', ಉಳಿದ 1,600ಕ್ಕೆ 'ಇವತ್ತು ಡೆಲ್ಲಿ' ಎಂದು ಕಳಿಸುತ್ತಾರೆ. ತಪ್ಪಿದವರನ್ನು ಬಿಟ್ಟು, ಸರಿಯಾದವರನ್ನು ಮತ್ತೆ ಎರಡು ಪಾಲು. ಐದು ಪಂದ್ಯ ಕಳೆಯುವ ಹೊತ್ತಿಗೆ 100 ಜನ ಉಳಿಯುತ್ತಾರೆ. ಅವರ ಕಣ್ಣಿಗೆ ಐದಕ್ಕೆ ಐದೂ ಸರಿ. ಆರನೆಯದಕ್ಕೆ ದುಡ್ಡು ಕೇಳುತ್ತಾರೆ. ಆ ನೂರರಲ್ಲಿ ಒಬ್ಬ ನೀವಾಗಿದ್ದರೆ, ಉಳಿದ 3,100 ಜನ ನಿಮಗೆ ಕಾಣುವುದಿಲ್ಲ.

ಈ ಸಲದ ನನ್ನ ಚೀಟಿ ಅರ್ಧ ಬರೆದಾಗಿದೆ. ಮುಂಬೈ 55, ಆರ್‌ಸಿಬಿ 55, ರಾಜಸ್ಥಾನಕ್ಕೆ 40ರ ಕೆಳಗೆ ಇಳಿಸಬಾರದೆಂದಿದ್ದೇನೆ. ಪಂಜಾಬಿಗೆ ಈ ಸಲ ಹದಿನೈದು ಬರೆಯುವ ಮುಖವಿಲ್ಲ. ಅಮ್ಮ ಎಂದಿನಂತೆ ಎಲ್ಲರಿಗೂ ನಲವತ್ತು ಹಾಕಿಸಿದರು. ನಾನು ಮಡಚುವಷ್ಟರಲ್ಲಿ ತಡೆದು, "ಆ ಉದ್ದ ಕೂದಲಿನ ಧೋನಿ ಇನ್ನೂ ಅವ್ನಾ?" ಅಂತ ಕೇಳಿದರು.

"ಅವ್ರೆ ಅಮ್ಮ. ಕೂದಲು ಯಾವತ್ತೋ ಕತ್ತರಿಸಿದ್ರು."

"ಹಂಗಾದ್ರೆ ಅವನ್ದಕ್ಕೆ ಐದು ಜಾಸ್ತಿ ಹಾಕು."

"ನಾನೂರು ದಾಟಂಗಿಲ್ಲ ಅಮ್ಮ. ಐದು ಯಾರತ್ರ ಕಳೀಲಿ?"

"ನಿನ್ ಟೀಮಿಂದ ಕಳಿ."